ಭಿನ್ನಮತೀಯರ ಬೆನ್ನಿಗೆ ಹೊರನಾಡುಗಳು: ಬೆಂಗಳೂರಿನ ಸೆರೆಮನೆಯಿಂದ ಹವಾನಾದವರೆಗೆ

ಒಂದು ದೇಶದ ಸರ್ಕಾರ ತನ್ನದೇ ಪ್ರಜೆಗಳನ್ನು ಅಭಿಪ್ರಾಯಭೇದದ ಕಾರಣಕ್ಕಾಗಿ ಸೆರೆಯಲ್ಲಿಟ್ಟಾಗ ಮತ್ತೊಂದು ದೇಶ ಏನು ಮಾಡಬಹುದು? ಏನು ಮಾಡಬಾರದು? ಯೂರೋಪಿನ ಪುಟ್ಟ ರಾಷ್ಟ್ರವಾದ ಜೆಕ್ ಗಣರಾಜ್ಯವು ಕ್ಯೂಬಾದ ಭಿನ್ನಮತೀಯರಿಗೆ ದಶಕಗಳ ಕಾಲ ನೀಡುತ್ತ ಬಂದಿರುವ ರಾಜತಾಂತ್ರಿಕ ಬೆಂಬಲದ ಪ್ರಸ್ತಾಪ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ನಮ್ಮ ಓದುಗರಿಗೆ ಇದು ದೂರದ ಸಂಗತಿಯೆಂದು ತೋರಬಹುದು. ಆದರೆ ಇದೇ ಪ್ರಶ್ನೆ 1975–77ರ ಅವಧಿಯಲ್ಲಿ ಬೆಂಗಳೂರಿನ ಸೆರೆಮನೆಯ ಗೋಡೆಗಳ ನಡುವೆಯೇ ಎದ್ದಿತ್ತು. ಆಗ ಸೆರೆಯಾಗಿದ್ದವರು ನಮ್ಮವರು, ಸೆರೆಯಲ್ಲಿಟ್ಟದ್ದು ನಮ್ಮದೇ ಸರ್ಕಾರ, ದನಿ ಎತ್ತಿದವರು ಯೂರೋಪಿನ ನಾಯಕರು. ಆ ಪ್ರಕರಣವನ್ನು ಮೊದಲು ಅರಿತರೆ ಕ್ಯೂಬಾದ ಪ್ರಕರಣವನ್ನು ತೂಗಿ ನೋಡುವುದು ಸುಲಭವಾಗುತ್ತದೆ.

ಶೇಷಾದ್ರಿ ರಸ್ತೆಯ ಸೆರೆಮನೆ

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಸಂವಿಧಾನದ 352ನೇ ವಿಧಿಯನ್ವಯ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಸದೀಯ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಹಾಗೂ ಶ್ಯಾಮನಂದನ್ ಮಿಶ್ರ ಅವರನ್ನು ಮರುದಿನ ಇಲ್ಲಿಯೇ ಬಂಧಿಸಿ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಇಂದಿನ ಫ್ರೀಡಂ ಪಾರ್ಕ್ ಇರುವ ಸ್ಥಳವೇ ಆ ಕಾರಾಗೃಹ. ಇಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು ಆಗ ಅವಿಭಜಿತ ಬೆಂಗಳೂರು ಜಿಲ್ಲೆಯಲ್ಲಿದ್ದವು. ಗ್ರಾಮಾಂತರ ಜಿಲ್ಲೆ ರಚನೆಯಾದದ್ದು 1986ರಲ್ಲಿ.

ರಾಜ್ಯದಲ್ಲಿ ಡಿ. ದೇವರಾಜ ಅರಸು ಅವರ ಸರ್ಕಾರವಿತ್ತು. ಬಂಧನಗಳು ಮುಖ್ಯವಾಗಿ ಎರಡು ಶಾಸನಗಳ ಆಸರೆಯಲ್ಲಿ ನಡೆದವು. ಒಂದು, 'ಮೀಸಾ' ಎಂದೇ ಹೆಸರಾದ 1971ರ ಆಂತರಿಕ ಭದ್ರತಾ ಕಾಯ್ದೆ. ಇನ್ನೊಂದು, ಭಾರತ ರಕ್ಷಣಾ ನಿಯಮಗಳು. ತುರ್ತು ಪರಿಸ್ಥಿತಿಯ ಅತಿರೇಕಗಳ ವಿಚಾರಣೆ ನಡೆಸಿದ ಷಾ ಆಯೋಗದ ಪ್ರಕಾರ, ಮೀಸಾ ಅಡಿಯಲ್ಲಿಯೇ ದೇಶಾದ್ಯಂತ 34 ಸಾವಿರಕ್ಕೂ ಹೆಚ್ಚು ಮಂದಿ ಬಂಧಿತರಾಗಿದ್ದರು. ಪತ್ರಿಕೆಗಳ ಮೇಲೆ ಪೂರ್ವ ಪರಿಶೀಲನೆ ಹೇರಲಾಗಿತ್ತು. ಯಾರು, ಎಲ್ಲಿ, ಏಕೆ ಬಂಧಿತರಾದರೆಂಬುದು ನೆರೆಯ ಊರಿನವರಿಗೂ ತಿಳಿಯದ ಕಾಲವದು.

ಮುಚ್ಚಿದ ನ್ಯಾಯದ ಬಾಗಿಲು

ಬಂಧಿತರ ಮೊದಲ ಭರವಸೆ ಇದ್ದುದು ನ್ಯಾಯಾಲಯಗಳ ಮೇಲೆ. ಬೆಂಗಳೂರಿನ ಸೆರೆಯಲ್ಲಿದ್ದ ಸಂಸದರು ಕರ್ನಾಟಕ ಹೈಕೋರ್ಟ್‌ಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟ್‌ಗಳು ಇಂತಹ ಅರ್ಜಿಗಳು ವಿಚಾರಣೆಗೆ ಅರ್ಹವೆಂದೇ ಅಭಿಪ್ರಾಯಪಟ್ಟವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ಎ.ಡಿ.ಎಂ. ಜಬಲ್ಪುರ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿ ಜಾರಿಯಲ್ಲಿರುವಾಗ ಬಂಧನವನ್ನು ಪ್ರಶ್ನಿಸುವ ಹಕ್ಕು ಪ್ರಜೆಗೆ ಇಲ್ಲವೆಂದು ತೀರ್ಪಿತ್ತಿತು. ಐವರ ಪೀಠದಲ್ಲಿ ಭಿನ್ನಮತ ದಾಖಲಿಸಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಈ ತೀರ್ಪು ಸ್ಪಷ್ಟವಾಗಿ ರದ್ದಾಗಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಅದು ನೆರವೇರಿತು ಎಂಬುದು ಉಲ್ಲೇಖಾರ್ಹ.

1976ರ ಏಪ್ರಿಲ್ ಕೊನೆಗೆ ದೇಶದೊಳಗಿನ ನ್ಯಾಯದ ಬಾಗಿಲು ಹೀಗೆ ಮುಚ್ಚಿತು. ಪತ್ರಿಕೆಗಳು ಮೌನವಾಗಿದ್ದವು, ಸಂಸತ್ತಿನ ಪ್ರತಿಪಕ್ಷದ ಪ್ರಮುಖರು ಜೈಲಿನಲ್ಲಿದ್ದರು. ಹೊರನಾಡಿನವರ ಗಮನಕ್ಕೆ ಬೆಲೆ ಬಂದದ್ದು ಈ ಸನ್ನಿವೇಶದಲ್ಲಿ.

ಫರ್ನಾಂಡಿಸ್ ಕುಟುಂಬದ ಕಥನ

ಜಾರ್ಜ್ ಫರ್ನಾಂಡಿಸ್ ಜನಿಸಿದ್ದು ಮಂಗಳೂರಿನಲ್ಲಿ, 1930ರಲ್ಲಿ. ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ತೊರೆದು ಮುಂಬಯಿಗೆ ತೆರಳಿ, ಕಾರ್ಮಿಕ ನಾಯಕರಾದರು. 1974ರ ಮೇ ತಿಂಗಳ ರೈಲ್ವೆ ಮುಷ್ಕರದ ಮುಂದಾಳು ಅವರೇ. ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಮಾಜವಾದಿ ಪಕ್ಷದ ಅಧ್ಯಕ್ಷರಾಗಿದ್ದ ಅವರು ಭೂಗತರಾದರು, ವೇಷ ಮರೆಸಿಕೊಂಡು ಊರಿಂದೂರಿಗೆ ಸಂಚರಿಸಿದರು.

ಅವರು ಸಿಗದಿದ್ದಾಗ ಪೊಲೀಸರ ದೃಷ್ಟಿ ಬೆಂಗಳೂರಿನಲ್ಲಿದ್ದ ಕುಟುಂಬದತ್ತ ಹೊರಳಿತು. ಕಾರ್ಮಿಕ ನಾಯಕರಾಗಿದ್ದ ಸೋದರ ಮೈಕೆಲ್ ಅದಾಗಲೇ ಸೆರೆಯಲ್ಲಿದ್ದರು. 1976ರ ಮೇ 1ರಂದು, ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೂರೇ ದಿನಗಳಲ್ಲಿ, ಮತ್ತೊಬ್ಬ ಸೋದರ ಲಾರೆನ್ಸ್ ಅವರನ್ನು ಮನೆಯಿಂದ ಕರೆದೊಯ್ಯಲಾಯಿತು. ಅಣ್ಣನ ಸುಳಿವಿಗಾಗಿ ಅವರಿಗೆ ನೀಡಲಾದ ಚಿತ್ರಹಿಂಸೆ ತುರ್ತು ಪರಿಸ್ಥಿತಿಯ ಅತ್ಯಂತ ಕರಾಳ ಅಧ್ಯಾಯಗಳಲ್ಲೊಂದು. ತಾಯಿ ಆಲಿಸ್ ಫರ್ನಾಂಡಿಸ್ ಮಗನ ಸ್ಥಿತಿಯನ್ನು ವಿವರಿಸಿ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ದೇಶದ ಪತ್ರಿಕೆಗಳಲ್ಲಿ ಅಚ್ಚಾಗುವ ಸಾಧ್ಯತೆಯಿರದಿದ್ದ ಆ ಪತ್ರ, ಗುಪ್ತ ಪ್ರತಿಗಳ ಮೂಲಕ ಕೈಯಿಂದ ಕೈಗೆ ದಾಟಿ ವಿದೇಶಗಳನ್ನೂ ತಲುಪಿತು. ಒಬ್ಬ ತಾಯಿಯ ಪತ್ರವು ಒಂದು ಸರ್ಕಾರದ ಮೇಲಿನ ಸಾಕ್ಷ್ಯವಾಯಿತು.

1976ರ ಜೂನ್ 10ರಂದು ಜಾರ್ಜ್ ಕೊಲ್ಕತ್ತಾದಲ್ಲಿ ಬಂಧಿತರಾದರು. ಸರ್ಕಾರಿ ಸ್ಥಾವರಗಳನ್ನು ಸ್ಫೋಟಿಸುವ ಸಂಚು ಹೂಡಿದರೆಂಬ 'ಬರೋಡಾ ಡೈನಮೈಟ್' ಮೊಕದ್ದಮೆಯಲ್ಲಿ ಅವರು ಪ್ರಥಮ ಆರೋಪಿ. ಕೈಗೆ ಕೋಳ ತೊಡಿಸಿ ಅವರನ್ನು ನ್ಯಾಯಾಲಯಕ್ಕೆ ತಂದ ದೃಶ್ಯದ ಛಾಯಾಚಿತ್ರ ಆ ಕಾಲದ ಸಂಕೇತವಾಗಿ ಉಳಿದಿದೆ.

ಯೂರೋಪಿನಿಂದ ಬಂದ ತಂತಿಗಳು

ಬಂಧನದ ಸುದ್ದಿ ತಿಳಿಯುತ್ತಲೇ ಜಾರ್ಜ್ ಅವರ ಪ್ರಾಣಕ್ಕೆ ಅಪಾಯವಿದೆಯೆಂಬ ಆತಂಕ ಹರಡಿತು. ಅವರಿಗೆ ಕೂಡಲೇ ವಕೀಲರ ನೆರವು ಒದಗಿಸಬೇಕು, ದೈಹಿಕ ರಕ್ಷಣೆಯ ಖಾತರಿ ನೀಡಬೇಕು ಎಂದು ಆಗ್ರಹಿಸಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸದಸ್ಯರು ಭಾರತ ಸರ್ಕಾರಕ್ಕೆ ತಂತಿ ಕಳುಹಿಸಿದರು. ಪಶ್ಚಿಮ ಜರ್ಮನಿಯ ಮಾಜಿ ಚಾನ್ಸಲರ್ ವಿಲ್ಲಿ ಬ್ರಾಂಟ್, ಆಸ್ಟ್ರಿಯಾದ ಚಾನ್ಸಲರ್ ಬ್ರೂನೊ ಕ್ರೈಸ್ಕಿ, ಸ್ವೀಡನ್ನಿನ ಒಲೋಫ್ ಪಾಲ್ಮೆ ಮೊದಲಾದವರು ನೇರವಾಗಿ ಇಂದಿರಾ ಗಾಂಧಿಯವರಿಗೆ ಎಚ್ಚರಿಕೆಯ ಮಾತು ತಲುಪಿಸಿದರೆಂದು ಸಮಾಜವಾದಿ ವಲಯದ ಸ್ಮರಣೆಗಳು ಮತ್ತೆ ಮತ್ತೆ ಹೇಳುತ್ತವೆ. ಫರ್ನಾಂಡಿಸ್ ಅವರ ಜೀವ ಉಳಿದದ್ದು ಈ ಒತ್ತಡದಿಂದಲೇ ಎಂದು ಅವರ ಒಡನಾಡಿಗಳು ನಂಬಿದ್ದರು.

ಈ ನಾಯಕರು ಯಾರೂ ಭಾರತದ ವೈರಿಗಳಾಗಿರಲಿಲ್ಲ. ಸಮಾಜವಾದಿ ಅಂತರರಾಷ್ಟ್ರೀಯ ಎಂಬ ಪಕ್ಷಗಳ ಒಕ್ಕೂಟದ ಮೂಲಕ ಅವರಿಗೆ ಭಾರತದ ಸಮಾಜವಾದಿಗಳ ಪರಿಚಯವಿತ್ತು; ನೆಹರೂ ಪರಂಪರೆಯ ಬಗ್ಗೆ ಗೌರವವಿತ್ತು. ಮಿತ್ರರ ಮಾತಾದ್ದರಿಂದಲೇ ಅದಕ್ಕೆ ತೂಕವಿತ್ತು ಎನ್ನಬಹುದು. ಹಾಗೆಂದು ಬಾಗಿಲು ಸದಾ ತೆರೆದಿತ್ತೆಂದಲ್ಲ. ಸೆರೆಯಲ್ಲಿದ್ದ ಜಯಪ್ರಕಾಶ ನಾರಾಯಣರನ್ನು ಕಾಣಲು ಬಯಸಿದ ಇದೇ ಒಕ್ಕೂಟದ ನಿಯೋಗಕ್ಕೆ 1975ರಲ್ಲಿ ಅವಕಾಶ ದೊರೆಯಲಿಲ್ಲ.

ಸರ್ಕಾರಗಳಿಗಿಂತ ಮೊದಲೇ ಎಚ್ಚೆತ್ತವರು ನಾಗರಿಕರು. ಲಂಡನ್ನಿನಲ್ಲಿ ನೊಬೆಲ್ ಶಾಂತಿ ಪುರಸ್ಕೃತ ಫಿಲಿಪ್ ನೋಯೆಲ್–ಬೇಕರ್ ಅವರ ನೇತೃತ್ವದಲ್ಲಿ ಜೆ.ಪಿ. ಬಿಡುಗಡೆ ಆಂದೋಲನ ರೂಪುಗೊಂಡಿತು. 1975ರ ಆಗಸ್ಟ್ 15ರಂದು 'ದಿ ಟೈಮ್ಸ್' ಪತ್ರಿಕೆಯಲ್ಲಿ ಭಾರತದ ಪ್ರಜಾಸತ್ತೆಯ ಪರವಾಗಿ ಜಾಹೀರಾತು ಪ್ರಕಟವಾಯಿತು. ಹಿಂದೆ ಮೈಸೂರು ರಾಜ್ಯದಿಂದ ರಾಜ್ಯಸಭಾ ಸದಸ್ಯರಾಗಿದ್ದ, ಪತ್ರಿಕೋದ್ಯಮದಲ್ಲಿ ಹೆಸರಾದ ಸಿ.ಜಿ.ಕೆ. ರೆಡ್ಡಿ ಅವರು ವಿದೇಶಗಳ ಸಮಾಜವಾದಿ ಮಿತ್ರರನ್ನು ಸಂಪರ್ಕಿಸುವ ಕೆಲಸದಲ್ಲಿ ತೊಡಗಿದ್ದರು. ಅವರೂ ಡೈನಮೈಟ್ ಮೊಕದ್ದಮೆಯ ಆರೋಪಿಯಾದರು.

ತಂತಿ ಬಾರದವರು

ನಾಣ್ಯದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. 1976ರ ಮೇ ತಿಂಗಳ ಆರಂಭದಲ್ಲಿಯೇ ನಟಿ ಸ್ನೇಹಲತಾ ರೆಡ್ಡಿ ಬಂಧಿತರಾದರು. ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ, ಯು.ಆರ್. ಅನಂತಮೂರ್ತಿ ಅವರ ಕಾದಂಬರಿಯನ್ನಾಧರಿಸಿದ 'ಸಂಸ್ಕಾರ' (1970) ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾದವರು ಅವರು. ಲೋಹಿಯಾ ವಿಚಾರಧಾರೆಯ ಅನುಯಾಯಿ. ಫರ್ನಾಂಡಿಸ್ ಅವರ ಆಪ್ತ ಬಳಗದವರು. ಆಸ್ತಮಾ ರೋಗಿಯಾಗಿದ್ದ ಅವರನ್ನು ವಿಚಾರಣೆಯಿಲ್ಲದೆ ಸುಮಾರು ಎಂಟು ತಿಂಗಳು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿಡಲಾಯಿತು. ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ರಾತ್ರಿಯ ಮೌನದಲ್ಲಿ ಅವರ ಕೋಣೆಯಿಂದ ಕೇಳಿಬರುತ್ತಿದ್ದ ಚೀತ್ಕಾರವನ್ನು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಅವರು ಬಳಿಕ ದಾಖಲಿಸಿದ್ದಾರೆ. ದೇಹಸ್ಥಿತಿ ಹದಗೆಟ್ಟಾಗ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಡುಗಡೆ ದೊರೆಯಿತು. ಐದೇ ದಿನಗಳಲ್ಲಿ, ಜನವರಿ 20ರಂದು, ಅವರು ಕೊನೆಯುಸಿರೆಳೆದರು.

ಸ್ನೇಹಲತಾ ಕನ್ನಡ ನಾಡಿಗೆ ತಿಳಿದ ಹೆಸರಾಗಿದ್ದರೂ ಪಕ್ಷದ ಅಧ್ಯಕ್ಷರಾಗಿರಲಿಲ್ಲ, ಹೊರದೇಶದ ಪ್ರಧಾನಿಗಳಿಗೆ ಪರಿಚಿತರಾಗಿರಲಿಲ್ಲ. ಇನ್ನು 1975ರ ನವೆಂಬರ್‌ನಿಂದ ನಡೆದ ಸತ್ಯಾಗ್ರಹದಲ್ಲಿ ಊರೂರುಗಳಿಂದ ಜೈಲು ಸೇರಿದ ವಿದ್ಯಾರ್ಥಿಗಳು, ಶಿಕ್ಷಕರು, ಕೃಷಿಕರು, ಸಣ್ಣ ವ್ಯಾಪಾರಿಗಳ ಪಾಡೇನು? ಅವರ ಪರವಾಗಿ ವಿಯೆನ್ನಾದಿಂದಲಾಗಲಿ ಸ್ಟಾಕ್‌ಹೋಮಿನಿಂದಲಾಗಲಿ ಫೋನು ಕರೆ ಬರಲಿಲ್ಲ. ಅಂತರರಾಷ್ಟ್ರೀಯ ಗಮನವು ಹೆಸರುಳ್ಳವರನ್ನು ಮೊದಲು ರಕ್ಷಿಸುತ್ತದೆ. ಹೆಸರಿಲ್ಲದವರ ಬಳಿಗೆ ಅದು ಬರುವುದು ತಡವಾಗಿ, ಅಥವಾ ಬರುವುದೇ ಇಲ್ಲ.

'ವಿದೇಶಿ ಕೈವಾಡ'ದ ಮಾತು

ಆ ದಿನಗಳಲ್ಲಿ ಅಧಿಕಾರಸ್ಥರ ಬಾಯಲ್ಲಿ ಸದಾ ಇರುತ್ತಿದ್ದ ಮಾತು 'ವಿದೇಶಿ ಕೈವಾಡ'. ಹೊರಗಿನ ಪ್ರತಿಯೊಂದು ಟೀಕೆಯೂ ದೇಶವನ್ನು ದುರ್ಬಲಗೊಳಿಸುವ ಸಂಚು ಎಂದೇ ಬಿಂಬಿತವಾಯಿತು. ಈ ಆಕ್ಷೇಪವನ್ನು ಕೇವಲ ನೆಪವೆಂದು ತಳ್ಳಿಹಾಕುವುದೂ ಸರಿಯಲ್ಲ. ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ 41ನೇ ವಿಧಿಯು, ರಾಯಭಾರಿಗಳು ಆತಿಥೇಯ ದೇಶದ ಆಂತರಿಕ ವಿಷಯಗಳಲ್ಲಿ ಹಸ್ತಕ್ಷೇಪ ಮಾಡಬಾರದೆಂದು ವಿಧಿಸುತ್ತದೆ. 2013ರಲ್ಲಿ ವಿಕಿಲೀಕ್ಸ್ ಮೂಲಕ ಬೆಳಕಿಗೆ ಬಂದ ಅಮೆರಿಕದ ರಾಯಭಾರ ತಂತಿಗಳಲ್ಲಿ, ಭೂಗತರಾಗಿದ್ದ ಫರ್ನಾಂಡಿಸ್ 1975ರಲ್ಲಿ ವಿದೇಶಿ ಹಣದ ನೆರವು ಅರಸಿದ್ದರೆಂಬ ಉಲ್ಲೇಖವೂ ಇದೆ. ಅವು ರಾಯಭಾರಿಗಳ ವರದಿಗಳೇ ಹೊರತು ನ್ಯಾಯಾಲಯದಲ್ಲಿ ಸಾಬೀತಾದ ಸಂಗತಿಗಳಲ್ಲ. ಆದರೂ ಒಂದು ವ್ಯತ್ಯಾಸವನ್ನು ಅವು ಮನಗಾಣಿಸುತ್ತವೆ: ಸೆರೆಯಾಳಿಗೆ ವಕೀಲರನ್ನು ಕೊಡಿ, ಹಿಂಸಿಸಬೇಡಿ ಎಂದು ಕೇಳುವುದು ಒಂದು, ಆಡಳಿತ ಬದಲಾವಣೆಗೆ ಹಣ ಒದಗಿಸುವುದು ಇನ್ನೊಂದು. ಮೊದಲನೆಯದಕ್ಕೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ (1948) ಬೆಂಬಲವಿದೆ. ಎರಡನೆಯದು ಭಿನ್ನಮತೀಯನ ನೈತಿಕ ಬಲವನ್ನೇ ಕುಂದಿಸುತ್ತದೆ.

ಪ್ರಾಗ್, 1977

ಸ್ನೇಹಲತಾ ಅವರು ನಿಧನರಾದ ಅದೇ ಜನವರಿಯಲ್ಲಿ, ಅಂದಿನ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ 'ಚಾರ್ಟರ್ 77' ಎಂಬ ಮನವಿ ಹೊರಬಿತ್ತು. ಸರ್ಕಾರ ತಾನೇ ಸಹಿ ಹಾಕಿದ ಮಾನವ ಹಕ್ಕುಗಳ ಒಪ್ಪಂದಗಳನ್ನು ಪಾಲಿಸಲಿ ಎಂಬುದಷ್ಟೇ ಅದರ ಬೇಡಿಕೆ. ಅದರ ವಕ್ತಾರರಾಗಿದ್ದವರು ನಾಟಕಕಾರ ವಾಕ್ಲಾವ್ ಹಾವೆಲ್, ತತ್ತ್ವಶಾಸ್ತ್ರಜ್ಞ ಯಾನ್ ಪಟೋಚ್ಕ ಮತ್ತು ಮಾಜಿ ವಿದೇಶಾಂಗ ಸಚಿವ ಯಿರ್ಝಿ ಹಾಯೆಕ್. 1977ರ ಮಾರ್ಚ್ 1ರಂದು ನೆದರ್‌ಲ್ಯಾಂಡ್ಸ್‌ನ ವಿದೇಶಾಂಗ ಸಚಿವ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಾಗ್ ಭೇಟಿಯ ನಡುವೆ ಪಟೋಚ್ಕ ಅವರನ್ನು ಕಂಡು ಮಾತನಾಡಿದರು. ಬಳಿಕ ಪೊಲೀಸರ ಸುದೀರ್ಘ ವಿಚಾರಣೆಗೆ ಒಳಗಾದ ವೃದ್ಧ ಪಟೋಚ್ಕ ಮಾರ್ಚ್ 13ರಂದು ತೀರಿಕೊಂಡರು. ವಿದೇಶಿ ಸಚಿವರೊಬ್ಬರ ಭೇಟಿ ಭಿನ್ನಮತೀಯನಿಗೆ ಜಗತ್ತಿನ ಮನ್ನಣೆ ತರಬಲ್ಲದು, ಅಪಾಯವನ್ನೂ ತರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1989ರಲ್ಲಿ ಆ ಆಡಳಿತ ಕುಸಿದು ಹಾವೆಲ್ ರಾಷ್ಟ್ರಾಧ್ಯಕ್ಷರಾದರು; 1993ರಲ್ಲಿ ಜೆಕ್ ಗಣರಾಜ್ಯ ಪ್ರತ್ಯೇಕ ರಾಷ್ಟ್ರವಾಯಿತು. ತಾವು ಸೆರೆಯಲ್ಲಿದ್ದಾಗ ಹೊರಗಿನಿಂದ ಬಂದ ಬೆಂಬಲದ ಋಣವನ್ನು ಈಗ ಇತರರಿಗೆ ಸಲ್ಲಿಸಬೇಕೆಂಬ ಭಾವನೆ ಆ ಪೀಳಿಗೆಯಲ್ಲಿತ್ತು. ಕ್ಯೂಬಾ ನೀತಿಯ ಮೂಲ ಇಲ್ಲಿದೆ.

ಜೆಕ್ ಗಣರಾಜ್ಯ ಮತ್ತು ಕ್ಯೂಬಾ

1999ರಲ್ಲಿ ಜೆಕ್ ಗಣರಾಜ್ಯವು ಪೋಲೆಂಡ್ ಜೊತೆಗೂಡಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಕ್ಯೂಬಾ ಕುರಿತ ನಿರ್ಣಯ ಮಂಡಿಸಿತು. ಅದು ಒಂದೇ ಮತದ ಅಂತರದಿಂದ ಅಂಗೀಕಾರವಾಯಿತು. ಮುಂದಿನೆರಡು ವರ್ಷಗಳಲ್ಲೂ ಇಂತಹ ನಿರ್ಣಯಗಳ ಹೊಣೆಯನ್ನು ಆ ದೇಶ ಹೊತ್ತಿತು. 2001ರ ಜನವರಿಯಲ್ಲಿ, ಕ್ಯೂಬಾದ ಭಿನ್ನಮತೀಯರನ್ನು ಭೇಟಿಯಾದರೆಂಬ ಕಾರಣಕ್ಕೆ ಮಾಜಿ ಹಣಕಾಸು ಸಚಿವ ಇವಾನ್ ಪಿಲಿಪ್ ಮತ್ತು ಯಾನ್ ಬುಬೆನಿಕ್ ಅವರನ್ನು ಅಲ್ಲಿ ಬಂಧಿಸಲಾಯಿತು. ಜೆಕ್ ಸೆನೆಟ್ ಅಧ್ಯಕ್ಷರು ಹವಾನಾಕ್ಕೆ ತೆರಳಿ ಮಾತುಕತೆ ನಡೆಸಿದ ಬಳಿಕ, ಮೂರು ವಾರಗಳಿಗೂ ಹೆಚ್ಚು ಕಾಲದ ಸೆರೆಯ ನಂತರ ಅವರ ಬಿಡುಗಡೆಯಾಯಿತು.

2002ರ ಮೇ ತಿಂಗಳಲ್ಲಿ ಒಸ್ವಾಲ್ಡೊ ಪಾಯಾ ಅವರು ರಾಜಕೀಯ ಸುಧಾರಣೆ ಕೋರಿ, 11 ಸಾವಿರಕ್ಕೂ ಹೆಚ್ಚು ಸಹಿಗಳಿದ್ದ 'ವರೇಲಾ ಯೋಜನೆ'ಯನ್ನು ಕ್ಯೂಬಾದ ಸಂಸತ್ತಿಗೆ ಸಲ್ಲಿಸಿದರು. ಅದೇ ವರ್ಷ ಯೂರೋಪಿಯನ್ ಪಾರ್ಲಿಮೆಂಟಿನ ಸಖರೋವ್ ಪ್ರಶಸ್ತಿ ಅವರಿಗೆ ಸಂದಿತು. 2003ರ ಮಾರ್ಚ್‌ನಲ್ಲಿ 75 ಭಿನ್ನಮತೀಯರು, ಪತ್ರಕರ್ತರು ಬಂಧಿತರಾದರು. ಕೆಲವರಿಗೆ 28 ವರ್ಷಗಳವರೆಗೆ ಶಿಕ್ಷೆಯಾಯಿತು. 'ಕರಾಳ ವಸಂತ'ವೆಂದು ಇತಿಹಾಸದಲ್ಲಿ ಹೆಸರಾದ ಘಟನೆಯಿದು. ಯೂರೋಪಿಯನ್ ಒಕ್ಕೂಟವು ಉನ್ನತ ಮಟ್ಟದ ಭೇಟಿಗಳನ್ನು ಮಿತಗೊಳಿಸಿತು. ಹವಾನಾದ ರಾಯಭಾರ ಕಚೇರಿಗಳ ರಾಷ್ಟ್ರೀಯ ದಿನಾಚರಣೆಗೆ ಭಿನ್ನಮತೀಯರನ್ನೂ ಆಹ್ವಾನಿಸಲು ನಿರ್ಧರಿಸಿತು. ಸಿಟ್ಟಿಗೆದ್ದ ಕ್ಯೂಬಾ ಸರ್ಕಾರ ಯೂರೋಪಿನ ರಾಯಭಾರಿಗಳೊಡನೆ ಸಂಪರ್ಕವನ್ನೇ ಕಡಿದುಕೊಂಡಿತು. 2003ರ ಸೆಪ್ಟೆಂಬರ್‌ನಲ್ಲಿ ಹಾವೆಲ್, ಪೋಲೆಂಡಿನ ಲೆಕ್ ವಲೇಸಾ, ಹಂಗೆರಿಯ ಅರ್ಪಾದ್ ಗೊಂತ್ಸ್ ಜಂಟಿಯಾಗಿ ಕ್ಯೂಬಾದ ಭಿನ್ನಮತೀಯರ ಪರ ಹೇಳಿಕೆ ನೀಡಿದರು. 2005ರ ಮೇ ತಿಂಗಳಲ್ಲಿ ಹವಾನಾದಲ್ಲಿ ನಡೆದ ನಾಗರಿಕ ಸಮಾಜದ ಸಭೆಗೆ ಹೊರಟಿದ್ದ ಜೆಕ್ ಸೆನೆಟರ್ ಕರೆಲ್ ಶ್ವಾರ್ಜೆನ್‌ಬರ್ಗ್ ಅವರನ್ನು ಕ್ಯೂಬಾ ಹೊರಹಾಕಿತು. ಮುಂದೆ ಅವರೇ ಜೆಕ್ ವಿದೇಶಾಂಗ ಸಚಿವರಾದರು.

ಕ್ಯೂಬಾದ ವಾದವೂ ಗಮನಾರ್ಹ. 1960ರ ದಶಕದಿಂದ ಅಮೆರಿಕದ ಆರ್ಥಿಕ ದಿಗ್ಬಂಧನವನ್ನು ಎದುರಿಸುತ್ತಿರುವ ಆ ದೇಶ, ಭಿನ್ನಮತೀಯರೆಲ್ಲ ಅಮೆರಿಕದ ಬಾಡಿಗೆ ಬಂಟರೆಂದು ದೂರುತ್ತದೆ. ದಿಗ್ಬಂಧನ ಕೊನೆಗೊಳ್ಳಬೇಕೆಂಬ ವಿಶ್ವಸಂಸ್ಥೆಯ ನಿರ್ಣಯಗಳನ್ನು ಭಾರತ ಬೆಂಬಲಿಸುತ್ತ ಬಂದಿದೆ. ಆದರೆ ದಿಗ್ಬಂಧನ ಅನ್ಯಾಯವೆಂದ ಮಾತ್ರಕ್ಕೆ ಸಹಿ ಸಂಗ್ರಹಿಸಿದವನ ಸೆರೆ ನ್ಯಾಯವಾಗುವುದಿಲ್ಲ.

ಫಲವೇನು?

ಫಲವನ್ನು ಅಳೆಯುವುದು ಕಷ್ಟ. ಕ್ಯೂಬಾದಲ್ಲಿ 'ಕರಾಳ ವಸಂತ'ದ ಉಳಿದ ಸೆರೆಯಾಳುಗಳು 2010–11ರಲ್ಲಿ ಬಿಡುಗಡೆಯಾದದ್ದು ಪ್ರಾಗ್‌ನ ಕಟು ಮಾತುಗಳಿಗಿಂತ ಹೆಚ್ಚಾಗಿ, ಕ್ಯಾಥೊಲಿಕ್ ಚರ್ಚ್ ಮತ್ತು ಸ್ಪೇನ್ ಸರ್ಕಾರ ನಡೆಸಿದ ಸಂಧಾನದಿಂದ. ಬಿಡುಗಡೆಯಾದವರಲ್ಲಿ ಬಹುಪಾಲು ಮಂದಿ ದೇಶ ಬಿಡಬೇಕಾಯಿತು. ಪಾಯಾ 2012ರ ಜುಲೈನಲ್ಲಿ ಕಾರು ಅಪಘಾತವೊಂದರಲ್ಲಿ ಮೃತಪಟ್ಟರು. ಅದು ಸಹಜ ಅಪಘಾತವೆಂಬುದನ್ನು ಕುಟುಂಬ ಒಪ್ಪಲಿಲ್ಲ. 2016ರಲ್ಲಿ ಯೂರೋಪಿಯನ್ ಒಕ್ಕೂಟ ತನ್ನ ಹಳೆಯ ಕಠಿಣ ನಿಲುವನ್ನು ಕೈಬಿಟ್ಟು ಕ್ಯೂಬಾದೊಡನೆ ಸಹಕಾರ ಒಪ್ಪಂದ ಮಾಡಿಕೊಂಡಿತು. 2021ರ ಜುಲೈ 11ರ ಪ್ರತಿಭಟನೆಗಳ ಬಳಿಕ ಮತ್ತೆ ನೂರಾರು ಮಂದಿ ಜೈಲು ಸೇರಿದರು.

ಹೊರಗಿನ ಬೆಂಬಲ ಕ್ಯೂಬಾದಲ್ಲಿ ಆಡಳಿತವನ್ನು ಬದಲಿಸಲಿಲ್ಲ. ಭಾರತದಲ್ಲಿಯೂ ತುರ್ತು ಪರಿಸ್ಥಿತಿಗೆ ತೆರೆ ಎಳೆದದ್ದು ಯೂರೋಪಿನ ತಂತಿಗಳಲ್ಲ, 1977ರ ಮಾರ್ಚ್‌ನ ಮತಪೆಟ್ಟಿಗೆ. ಸೆರೆಯಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಸ್ಪರ್ಧಿಸಿದ ಫರ್ನಾಂಡಿಸ್ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು; ಹೊಸ ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿಗೇ ದೊರೆತವೆಂಬುದನ್ನೂ ಇಲ್ಲಿ ಹೇಳಬೇಕು. ತೀರ್ಪು ಯಾವುದೇ ಇರಲಿ, ಅದನ್ನು ಕೊಟ್ಟವರು ಮತದಾರರು.

ಹಾಗಾದರೆ ಆ ತಂತಿಗಳು ವ್ಯರ್ಥವೇ? ಅಲ್ಲ. ತೀರ್ಪಿನ ದಿನ ಬರುವವರೆಗೆ ಸೆರೆಯಾಳು ಬದುಕಿರಬೇಕು. ಅವನ ಹೆಸರು ಅಳಿಸಿಹೋಗದಿರಬೇಕು. ಹೊರನಾಡು ಮಾಡಬಹುದಾದ ಕೆಲಸ ಇಷ್ಟೇ, ಆದರೆ ಇದು ಸಣ್ಣದಲ್ಲ. ಸ್ನೇಹಲತಾ ಅವರ ವಿಷಯದಲ್ಲಿ ಆ ಕೆಲಸ ಆಗಲಿಲ್ಲ.

ಸೆರೆಮನೆಯಿದ್ದ ನೆಲ

ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಬಳಿಕ, 2008ರಲ್ಲಿ ಆ ನೆಲ ಫ್ರೀಡಂ ಪಾರ್ಕ್ ಆಯಿತು. ಇಂದು ರಾಜಧಾನಿಯ ಪ್ರತಿಭಟನೆಗಳು ನಡೆಯುವುದು ಅಲ್ಲಿಯೇ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರಿಂದ ಧರಣಿ ನಡೆಸುತ್ತಿದ್ದರು. 2025ರ ಜೂನ್ 25ರಂದು, ತುರ್ತು ಪರಿಸ್ಥಿತಿಗೆ ಸರಿಯಾಗಿ 50 ವರ್ಷ ತುಂಬಿದ ದಿನ, 'ದೇವನಹಳ್ಳಿ ಚಲೋ' ಹಮ್ಮಿಕೊಂಡಾಗ ಪೊಲೀಸರು ಹೋರಾಟಗಾರರನ್ನು ವಶಕ್ಕೆ ಪಡೆದರು. ಹೋರಾಟ ಫ್ರೀಡಂ ಪಾರ್ಕಿಗೆ ಬಂದಿತು. ಸಾಹಿತಿಗಳು, ಕಲಾವಿದರು, ಕಾರ್ಮಿಕ ಸಂಘಟನೆಗಳು ಜೊತೆಗೂಡಿದವು. ಪತ್ರಿಕೆಗಳು ವರದಿ ಮಾಡಿದವು. ಜುಲೈ 15ರಂದು ಸ್ವಾಧೀನ ಪ್ರಕ್ರಿಯೆ ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು.

ಆ ರೈತರಿಗೆ ಯಾವ ಪರದೇಶದ ತಂತಿಯೂ ಬೇಕಾಗಲಿಲ್ಲ. ವಶಕ್ಕೆ ಪಡೆದವರು ಯಾರು, ಎಲ್ಲಿದ್ದಾರೆ ಎಂಬುದು ಅಂದೇ ನಾಡಿಗೆಲ್ಲ ತಿಳಿದಿತ್ತು; ಬೆಂಬಲಕ್ಕೆ ಬಂದವರೂ ಇದೇ ನಾಡಿನವರು. 1976ರಲ್ಲಿ ಇಲ್ಲದೇ ಹೋದದ್ದು ಇದು. ಇದಿರುವವರೆಗೆ ಹೊರನಾಡಿನ ದನಿಗೆ ಕಾಯುವ ಅಗತ್ಯ ಬಾರದು.